ಮೇಲಿಂಗ್ ಲಿಸ್ಟೋ, ಫೋರಮ್ಮೋ? ಗುಂಪು ಶುರು ಮಾಡುವ ಮೊದಲು ಹೀಗೆ ತೀರ್ಮಾನಿಸಿ

ಕೈತೋಟದವರು, ನಿವೃತ್ತ ನೌಕರರು, ವಿಜ್ಞಾನದ ಮೇಷ್ಟ್ರುಗಳು, ಯಾರೇ ಇರಲಿ, ಒಟ್ಟಿಗೆ ಮಾತಾಡಬೇಕು ಅಂದ ತಕ್ಷಣ ಒಂದು ವಾಟ್ಸ್ಆ್ಯಪ್ ಗ್ರೂಪ್ ಹುಟ್ಟುತ್ತದೆ. ಹೋದ ವರ್ಷ ಯಾರೋ ಕೊಟ್ಟ ಒಳ್ಳೆಯ ಉತ್ತರವನ್ನು ಗುಡ್ ಮಾರ್ನಿಂಗ್‌ಗಳ ನಡುವೆ ಹುಡುಕಲು ಹೊರಟಾಗ ಅದರ ಕಷ್ಟ ಗೊತ್ತಾಗುತ್ತದೆ. ಆಡಿದ ಮಾತು ನಾಳೆಗೂ ಸಿಗಬೇಕು ಅನ್ನುವವರಿಗೆ ಎರಡು ಹಳೆಯ ದಾರಿಗಳಿವೆ. ಮೇಲಿಂಗ್ ಲಿಸ್ಟ್‌ನಲ್ಲಿ ಒಂದು ವಿಳಾಸಕ್ಕೆ ಮೇಲ್ ಹಾಕಿದರೆ ಅದು ಎಲ್ಲರ ಇನ್‌ಬಾಕ್ಸ್‌ಗೂ ಹೋಗುತ್ತದೆ. ವೆಬ್ ಫೋರಂನಲ್ಲಿ ಮಾತು ಸೈಟಿನಲ್ಲೇ ಇರುತ್ತದೆ, ಓದುವವರು ಅಲ್ಲಿಗೆ ಹೋಗಬೇಕು.

ಮೊದಲು ಸದಸ್ಯರನ್ನು ನೋಡಿ

ನಿಮ್ಮ ಗುಂಪಿನವರು ದಿನಾ ಒಂದು ಸೈಟಿಗೆ ಲಾಗಿನ್ ಆಗುವವರೇ? ಅಲ್ಲ ಅನ್ನಿಸಿದರೆ ಲಿಸ್ಟ್ ವಾಸಿ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ ಇದಕ್ಕೆ ಒಳ್ಳೆಯ ಉದಾಹರಣೆ. ಗಣಿತ-ವಿಜ್ಞಾನಕ್ಕೊಂದು, ಕನ್ನಡಕ್ಕೊಂದು ಹೀಗೆ ಗೂಗಲ್ ಗ್ರೂಪ್‌ಗಳನ್ನು ಮಾಡಿದ್ದರು. ವ್ಯಾಕರಣದ ಸಂದೇಹದಿಂದ ಹಿಡಿದು ಪ್ರಶ್ನೆಪತ್ರಿಕೆಯವರೆಗೆ ಎಲ್ಲವೂ ಮೇಲ್‌ನಲ್ಲೇ ಓಡಾಡುತ್ತಿತ್ತು. ಶಿಕ್ಷಕರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ, ಮೇಲ್ ತೆರೆಯಲು ಬಂದರೆ ಸಾಕು. ಆದರೆ ಪಾಠದ ಸಾಮಗ್ರಿಯನ್ನು ಮೇಲ್‌ನಲ್ಲೇ ಬಿಡಲಿಲ್ಲ. ಅದಕ್ಕೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಅನ್ನುವ ವಿಕಿ ಬೇರೆಯೇ ಇತ್ತು. ಮಾತಿಗೆ ಒಂದು ಜಾಗ, ಉಳಿಸಿಕೊಳ್ಳಬೇಕಾದದ್ದಕ್ಕೆ ಇನ್ನೊಂದು. ಲಿಸ್ಟ್ ಆರಿಸಿಕೊಳ್ಳುವವರು ಇದನ್ನು ಮೊದಲ ದಿನವೇ ಯೋಚಿಸಬೇಕು.

ಪ್ರಶ್ನೆಗಳು ಮರಳಿ ಬರುತ್ತವೆಯೇ?

ಒಂದೇ ಪ್ರಶ್ನೆಯನ್ನು ಪ್ರತಿ ತಿಂಗಳು ಹೊಸಬರು ಕೇಳುತ್ತಾರಾ? ಹಾಗಿದ್ದರೆ ಫೋರಂ ಮಾಡಿ. ಹಳೆಯ ಉತ್ತರದ ಕೊಂಡಿ ಕೊಟ್ಟರೆ ಆಯ್ತು. ತಪ್ಪಿದ್ದರೆ ತಿದ್ದಬಹುದು, ಒಂದೇ ವಿಷಯದ ಎರಡು ಥ್ರೆಡ್ (ಮಾತಿನ ಸರಣಿ) ಸೇರಿಸಬಹುದು. ಮೇಲ್ ಹಾಗಲ್ಲ, ಕಳಿಸಿದ ಮೇಲೆ ಮುಗೀತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟುವವರ ಚರ್ಚೆ 2022ರಲ್ಲಿ ಮೇಲಿಂಗ್ ಲಿಸ್ಟ್‌ನಿಂದ ಡಿಸ್ಕೋರ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ನಡೆಯುವ ಫೋರಂಗೆ ಹೋಯಿತು. ಅದೇ ವರ್ಷ ಲಿನಕ್ಸ್‌ನ ಡೆಸ್ಕ್‌ಟಾಪ್ ಪರದೆಯನ್ನು ರೂಪಿಸುವ ಗ್ನೋಮ್ ತಂಡವೂ ತನ್ನ ಲಿಸ್ಟ್‌ಗಳನ್ನು ಮುಚ್ಚಿ ತನ್ನದೇ ಡಿಸ್ಕೋರ್ಸ್ ಫೋರಂಗೆ ಹೋಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟುವವರು ಮಾತ್ರ ಮೇಲ್ ಬಿಟ್ಟಿಲ್ಲ. ಅಲ್ಲಿ ಕೋಡಿನ ಬದಲಾವಣೆಗಳೇ ಮೇಲ್‌ನಲ್ಲಿ ಬರುತ್ತವೆ, ಸಾಲು ಸಾಲಿನ ಕೆಳಗೆ ಉತ್ತರ ಬರೆಯುತ್ತಾರೆ. ‘ಹಳೇ ಕಾಲದವರು’ ಅಂತ ನಗುವುದು ಸುಲಭ, ಆದರೆ ಅವರ ಕೆಲಸದ ರೀತಿಗೆ ಅದೇ ಸರಿ.

ನಡೆಸುವವರು ಯಾರು?

ಗೂಗಲ್ ಗ್ರೂಪ್ ಅಥವಾ ಅಂಥದ್ದೇ ಸೇವೆಯಾದ ಗ್ರೂಪ್ಸ್.ಐಒ ಆದರೆ ಅರ್ಧ ಗಂಟೆಯ ಕೆಲಸ. ಸ್ವಂತ ಫೋರಂಗೆ ಸರ್ವರ್ ಬೇಕು, ಬ್ಯಾಕಪ್ ಬೇಕು, ಸ್ಪ್ಯಾಮ್ ಅಳಿಸುವವರು ಬೇಕು. ಪಿಎಚ್‌ಪಿಬಿಬಿ ಎಂಬ ಫೋರಂ ಸಾಫ್ಟ್‌ವೇರ್ ಆದರೆ ಮಾಮೂಲಿ ಶೇರ್ಡ್ ಹೋಸ್ಟಿಂಗ್‌ನಲ್ಲೂ (ಹಲವು ಸೈಟುಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್) ಓಡುತ್ತದೆ. ಡಿಸ್ಕೋರ್ಸ್‌ಗೆ 2 ಜಿಬಿ ರ‍್ಯಾಮ್ ಇರುವ ಸರ್ವರ್ ಇಟ್ಟುಕೊಳ್ಳಿ.

ಹಾಗಂತ ಸ್ವಂತ ಸರ್ವರಿನಲ್ಲಿ ಮೇಲಿಂಗ್ ಲಿಸ್ಟ್ ನಡೆಸುವುದು ಸಲೀಸು ಅಂದುಕೊಳ್ಳಬೇಡಿ. 2014ರ ಏಪ್ರಿಲ್‌ನಲ್ಲಿ ಯಾಹೂ, ನಕಲಿ ವಿಳಾಸದ ಮೇಲ್ ತಡೆಯುವ ಡಿಮಾರ್ಕ್ ಎಂಬ ನಿಯಮವನ್ನು ಬಿಗಿ ಮಾಡಿತು. ಯಾಹೂ ವಿಳಾಸ ಹೊತ್ತ ಮೇಲ್ ಬೇರೆ ಸರ್ವರಿನಿಂದ ಬಂದು ಪರೀಕ್ಷೆಯಲ್ಲಿ ಸೋತರೆ ತಿರಸ್ಕರಿಸಿ ಅಂತ ಎಲ್ಲರಿಗೂ ಹೇಳಿತು. ಲಿಸ್ಟ್ ಮಾಡುವುದೇ ಬೇರೆಯವರ ಮೇಲ್ ಹಂಚುವುದನ್ನು, ಅಲ್ವಾ? ಎಷ್ಟೋ ಲಿಸ್ಟ್‌ಗಳ ಮೇಲ್ ವಾಪಸ್ ಬರತೊಡಗಿತು. ಅದಕ್ಕೇ ಈಗ ಎಷ್ಟೋ ಲಿಸ್ಟ್‌ಗಳು ಕಳಿಸಿದವರ ವಿಳಾಸದ ಜಾಗದಲ್ಲಿ ತಮ್ಮ ವಿಳಾಸ ಹಾಕುತ್ತವೆ. ಹೀಗಾಗಿ ‘ರಿಪ್ಲೈ’ ಒತ್ತಿದರೆ ಉತ್ತರ ಒಬ್ಬರಿಗೆ ಹೋಗಬೇಕೋ ಎಲ್ಲರಿಗೋ ಅನ್ನುವುದನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಡಿ. ಇಲ್ಲದಿದ್ದರೆ ಒಬ್ಬರಿಗೆ ಬರೆದ ಬೈಗುಳ ಊರಿಗೆಲ್ಲ ತಲುಪೀತು.

ಹೊರಗೆ ಬರುವ ಬಾಗಿಲು

ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟೇಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಗೂಗಲ್ ಗ್ರೂಪ್ ತರಹದ್ದೇ ಸೇವೆಯಾಗಿದ್ದ ಯಾಹೂ ಗ್ರೂಪ್ಸ್‌ನಲ್ಲಿ ವರ್ಷಗಟ್ಟಲೆಯ ಮಾತುಕತೆ ಇತ್ತು. 2019ರ ಕೊನೆಯಲ್ಲಿ ಹಳೆಯ ಸಂದೇಶ, ಫೈಲ್, ಫೋಟೋಗಳನ್ನು ತೆಗೆದುಹಾಕಿದರು. 2020ರ ಡಿಸೆಂಬರ್‌ನಲ್ಲಿ ಇಡೀ ಸೇವೆಯೇ ಮುಚ್ಚಿತು. ಬಿಟ್ಟಿ ಜಾಗ ನಮ್ಮದಲ್ಲ. ಆರಿಸುವ ಮೊದಲೇ ಎಲ್ಲ ಮಾತನ್ನೂ ಡೌನ್‌ಲೋಡ್ ಮಾಡಲು ಆಗುತ್ತದಾ ಅಂತ ಪರೀಕ್ಷಿಸಿ. ಗೂಗಲ್ ಗ್ರೂಪ್ ಒಡೆಯರು ಗೂಗಲ್‌ನ ಡೌನ್‌ಲೋಡ್ ಸೇವೆಯಾದ ಟೇಕ್ಔಟ್ ಮೂಲಕ ಎಲ್ಲ ಮೇಲ್‌ಗಳನ್ನು ಹಿಡಿದಿಡುವ ಎಂಬಾಕ್ಸ್ ಫೈಲ್ ಪಡೆಯಬಹುದು. ಆ ಫೈಲನ್ನು ಮುಂದೆ ಡಿಸ್ಕೋರ್ಸ್‌ಗೆ ತುಂಬಿಸಲೂ ಆಗುತ್ತದೆ. ಸಾಧ್ಯವಾದರೆ ಸ್ವಂತ ಡೊಮೈನ್ ಹೆಸರು ಕೊಳ್ಳಿ. ಒಳಗಿನ ಸಾಫ್ಟ್‌ವೇರ್ ಬದಲಾದರೂ ವಿಳಾಸ ಬದಲಾಗುವುದಿಲ್ಲ.

ಕನ್ನಡದ ಹುಡುಕಾಟ

ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ‘ಮೈಸೂರು’ ಅಂತ ಹುಡುಕಿದರೆ ‘ಮೈಸೂರಿನಲ್ಲಿ’ ಇರುವ ಪೋಸ್ಟ್ ಸಿಗದೇ ಹೋಗಬಹುದು. ವಿಭಕ್ತಿ ಬಿಡಿಸುವ ಬುದ್ಧಿ ಸಾಮಾನ್ಯ ಸರ್ಚ್‌ಗೆ ಇರುವುದಿಲ್ಲ. ಫೋರಂ ಆದರೆ ಟ್ಯಾಗ್ ಹಾಕಿ ಇದನ್ನು ನಿಭಾಯಿಸಬಹುದು, ಲಿಸ್ಟ್‌ನಲ್ಲಿ ಸಬ್ಜೆಕ್ಟ್ ಸಾಲಿನಲ್ಲಿ ಮೂಲ ಪದ ಬರೆಯಲು ಹೇಳಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಬೇಡಿ, ಯೂನಿಕೋಡ್ ಇರಲಿ. ಇಲ್ಲದಿದ್ದರೆ ಓದುವವರಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ.

ಎರಡೂ ಬೇಕೆಂದರೆ

ಈಗ ನಡುದಾರಿಯೂ ಇದೆ. ಡಿಸ್ಕೋರ್ಸ್‌ನಲ್ಲಿ ‘ಮೇಲಿಂಗ್ ಲಿಸ್ಟ್ ಮೋಡ್’ ಇದೆ. ಅದನ್ನು ಹಾಕಿಕೊಂಡವರಿಗೆ ಪ್ರತಿ ಪೋಸ್ಟ್ ಮೇಲ್‌ನಲ್ಲಿ ಬರುತ್ತದೆ. ನಡೆಸುವವರು ಮೇಲ್ ವ್ಯವಸ್ಥೆ ಮಾಡಿಟ್ಟಿದ್ದರೆ ಉತ್ತರವನ್ನೂ ಅಲ್ಲಿಂದಲೇ ಬರೆಯಬಹುದು. ಲಿಸ್ಟ್ ನಡೆಸುವ ಸಾಫ್ಟ್‌ವೇರ್ ಮೇಲ್‌ಮ್ಯಾನ್ 3ರಲ್ಲಿ ಲಿಸ್ಟ್‌ನ ಹಳೆಯ ಮಾತನ್ನು ವೆಬ್‌ನಲ್ಲಿ ಫೋರಂ ತರಹ ಓದಬಹುದು. ಹೊಸದಾಗಿ ಶುರು ಮಾಡುವ, ಇಪ್ಪತ್ತು ಮೂವತ್ತು ಜನರ ಗುಂಪಿಗೆ ನಾನಾದರೆ ಸುಮ್ನೆ ಒಂದು ಲಿಸ್ಟ್ ಮಾಡಿಕೊಳ್ಳಿ ಅನ್ನುತ್ತೇನೆ. ಮೇಲ್ ಜಾಸ್ತಿ ಆಯ್ತು ಅನ್ನುವವರಿಗೆ ದಿನಕ್ಕೊಂದು ಡೈಜೆಸ್ಟ್ (ಎಲ್ಲ ಮಾತನ್ನೂ ಸೇರಿಸಿದ ಒಂದೇ ಮೇಲ್) ಸಾಕು. ಡೈಜೆಸ್ಟೇ ಉದ್ದವಾಗತೊಡಗಿದಾಗ ಫೋರಂ ತೆರೆಯಿರಿ. ಆಗ ಹಳೆಯ ಲಿಸ್ಟ್‌ಗೆ ಹೊಸ ಮೇಲ್ ಬರದಂತೆ ನಿಲ್ಲಿಸಿ, ಆದರೆ ಅದರ ಪುಟಗಳನ್ನು ಅಳಿಸಬೇಡಿ. ಹಳೆಯ ಕೊಂಡಿ ಒತ್ತಿ ಬರುವವರು ಇದ್ದೇ ಇರುತ್ತಾರೆ.