ಮೇಸ್ತ್ರಿ ಬರೋ ತನಕ ಪಕ್ಕದ ಮನೆಯವರು

ನಮ್ಮದು ಮೈಸೂರಿನ ಹಳೇ ಅಗ್ರಹಾರದ ಮನೆ. ಮೇಲೆ ಮದ್ರಾಸ್ ತಾರಸಿ: ತೇಗದ ಜಂತೆ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದಕ್ಕೂ ಮೇಲೆ ಇಟ್ಟಿಗೆ ಜಲ್ಲಿ ಕಲಸಿದ ಸುಣ್ಣದ ಗಾರೆ. ನಡುಮನೆಯ ಮೂಲೆ ಸೋರಲು ಶುರುವಾದಾಗ, ಏನೇ ಆಗಲಿ ಸಿಮೆಂಟ್ ಮೆತ್ತಿಸಬಾರದು ಅಂತ ತೀರ್ಮಾನ ಮಾಡಿದೆವು. ಸುಣ್ಣದ ಮೇಲೆ ಸಿಮೆಂಟ್ ಕೂತರೆ ಎರಡೂ ಒಂದೇ ಥರ ಹಿಗ್ಗೋದಿಲ್ಲ, ಬಿರುಕು ಬಿಡುತ್ತೆ. ಒಳಗಿಳಿದ ನೀರು ಆರೋಕೆ ದಾರಿ ಇಲ್ಲದೆ ಜಂತೆ ಕೊಳೆಯುತ್ತೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಹುಡುಕಿದ್ದಾಯ್ತು, ಅಡ್ವಾನ್ಸ್ ಕೊಟ್ಟಿದ್ದಾಯ್ತು. ಅವರು ಮಾತ್ರ ಒಪ್ಪಿಕೊಂಡಿದ್ದ ದೇವಸ್ಥಾನದ ಕೆಲಸ ಮುಗಿಸಿಯೇ ಬರೋದು ಅಂದುಬಿಟ್ಟರು. ಹಾಗಾಗಿ ತಾರಸಿ ಮೇಲೆ ಟಾರ್ಪಾಲು, ಬೀದಿಯಲ್ಲಿ ಜಲ್ಲಿ-ಮರಳಿನ ಗುಡ್ಡೆ, ಪಕ್ಕದ ಜಗಲಿಯಲ್ಲಿ ರಿಟೈರ್ ಆದ ರಾಯರು.

'ಏನಮ್ಮಾ, ಇವತ್ತೂ ಬರಲಿಲ್ವಾ?' ಅಂತ ಶುರುವಾಗೋದು. ಆಮೇಲೆ ಚದರಕ್ಕೆ ಎಷ್ಟು, ಅಡ್ವಾನ್ಸ್ ಎಷ್ಟು, ಮಗ ಏನಾದ್ರೂ ಕಳಿಸ್ತಾನಾ, ಸಾಲ ಮಾಡಿದ್ರಾ. ಅಳಲೆಕಾಯಿ, ಬೆಲ್ಲದ ಮೂಟೆ ಇಳಿಸಿದ ದಿನ ಮನೆಯಲ್ಲಿ ಏನು ಶುಭಕಾರ್ಯ ಅಂತ ವಿಚಾರಣೆ. ಸುಣ್ಣದ ಗಾರೆ ಬಡಿಯುವಾಗ ಅವೆರಡನ್ನೂ ನೆನೆಸಿದ ನೀರು ಚಿಮುಕಿಸ್ತಾರೆ ಅಂತ ಹೇಳಿದರೆ ನಂಬಲಿಲ್ಲ. ಬೆಲ್ಲ ತಂದರೆ ಇರುವೆ ಬರುತ್ತೆ, ನಮ್ಮನೆಗೂ ಬರುತ್ತೆ ಅಂದರು.

ಕೇಳಿದರೆ ಕೇಳಲಿ, ಪ್ರಶ್ನೆಯಿಂದ ಮೈಗೇನೂ ಗಾಯ ಆಗೋದಿಲ್ಲ. ಕಾಯುವ ಕಾಲದಲ್ಲಿ ಅಪಾಯ ಇರೋದು ಬೇರೆ ಕಡೆ. ಕೆಲಸ ನಿಂತಿರುವಾಗ ನಮಗೇ ಧೈರ್ಯ ಕಮ್ಮಿ ಇರುತ್ತೆ, ಆಗ ಯಾರು ಏನು ಹೇಳಿದರೂ ನಿಜ ಅನ್ನಿಸುತ್ತೆ. ರಾಯರು ಒಂದು ದಿನ ತಾವಾಗಿಯೇ ಬೇರೆ ಮೇಸ್ತ್ರಿಯನ್ನ ಕರಕೊಂಡು ಬಂದರು. ಆತ ತಾರಸಿ ಹತ್ತಿ, ಕಾಲಲ್ಲಿ ಎರಡು ಸಲ ಕುಟ್ಟಿ, 'ಇದೆಲ್ಲಾ ಕೆಡವಿ ಆರ್‌ಸಿಸಿ ಹಾಕ್ಸಿಬಿಡಿ, ತಲೆನೋವೇ ಇರಲ್ಲ' ಅಂದ. ನಮ್ಮ ಯಜಮಾನರು ಆ ರಾತ್ರಿ ಊಟದ ಎಲೆ ಮುಂದೆ ಕೂತು ಆರ್‌ಸಿಸಿ ಖರ್ಚು ಲೆಕ್ಕ ಹಾಕ್ತಾ ಇದ್ದರು. ಈ ಸುದ್ದಿ ನಮ್ಮ ಮೇಸ್ತ್ರಿ ಕಿವಿಗೆ ಬಿದ್ದಿದ್ದರೆ ಅವರು ಬರ್ತಾನೇ ಇರಲಿಲ್ಲ.

ಮಾರನೇ ದಿನವೇ ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ. 'ಪಕ್ಕದವರು ಹೀಗೆ ಒಬ್ಬರನ್ನ ಕರಕೊಂಡು ಬಂದಿದ್ರು, ನಾವು ಒಪ್ಪಿಲ್ಲ. ರೇಟು, ಅಳತೆ, ಬದಲಾವಣೆ ಏನಿದ್ರೂ ನನ್ನ ಹತ್ರ ಮಾತ್ರ ಮಾತಾಡಿ.' ಅವರು ನಕ್ಕರು, 'ಎಲ್ಲಾ ಬೀದಿಲೂ ಒಬ್ರು ಇರ್ತಾರೆ ಬಿಡಿ ಅಕ್ಕ' ಅಂದರು. ಕೆಲಸಕ್ಕೆ ಬಂದಾಗ ರಾಯರು ಕೂಲಿ ಎಷ್ಟು ಅಂತ ಕೇಳಿದ್ದಕ್ಕೆ ಅವರ ಹುಡುಗರು 'ಅಕ್ಕನ್ನ ಕೇಳಿ' ಅಂದುಬಿಟ್ಟರು. ದುಡ್ಡಿನ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ 'ಲೆಕ್ಕ ಎಲ್ಲಾ ಇವರ ಹತ್ರ ರಾಯರೇ'. ಇವರನ್ನ ಕೇಳಿದರೆ 'ಅವಳೇ ನೋಡ್ಕೋತಾಳೆ' ಅನ್ನೋರು. ಸುಳ್ಳು ರೇಟು ಮಾತ್ರ ಹೇಳಬೇಡಿ. ಕಮ್ಮಿ ಹೇಳಿದರೆ ಆ ಮೇಸ್ತ್ರಿ ನಮಗೂ ಬೇಕು ಅಂತಾರೆ, ಜಾಸ್ತಿ ಹೇಳಿದರೆ ಮೋಸ ಹೋದರು ಅಂತ ಬೀದಿಗೆಲ್ಲಾ ಸಾರ್ತಾರೆ.

ಆದರೆ ರಾಯರು ಕೇಳಿದ್ದೆಲ್ಲಾ ಅಧಿಕಪ್ರಸಂಗ ಅನ್ನೋಕೂ ಆಗಲ್ಲ. ನಮ್ಮ ಮರಳು ಮಳೆಗೆ ಕೊಚ್ಚಿ ಅವರ ಗೇಟಿನ ಮುಂದೆ ನಿಂತರೆ ಕೇಳೋ ಹಕ್ಕು ಅವರಿಗಿದೆ. ಸುಣ್ಣದ ಧೂಳು ಅವರ ತುಳಸಿ ಕಟ್ಟೆ ಮೇಲೆ ಕೂತರೆ, ಹೊತ್ತಲ್ಲದ ಹೊತ್ತಲ್ಲಿ ಕುಟ್ಟಿದರೆ ಆಗಲೂ ಅಷ್ಟೇ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ನಾನು ಅಷ್ಟು ದೂರ ಹೋಗಲೇ ಇಲ್ಲ, ಅವರ ಮಧ್ಯಾಹ್ನದ ನಿದ್ದೆ ಹೊತ್ತಲ್ಲಿ ಬಡಿಯೋದು ಬೇಡ ಅಂತ ಹೇಳಿಟ್ಟೆ. ಮರಳಿನ ಸುತ್ತ ಇಟ್ಟಿಗೆ ಜೋಡಿಸಿ ಪ್ಲಾಸ್ಟಿಕ್ ಹೊದಿಸಿದೆವು, ಅವರ ಕಡೆಗೆ ಹಸಿರು ನೆಟ್ ಕಟ್ಟಿದೆವು. ಆ ನೆಟ್ಟಿನಿಂದ ಧೂಳಿನ ಜೊತೆ ಅವರ ನೋಟವೂ ಅರ್ಧ ನಿಂತಿತು, ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ಮೇಸ್ತ್ರಿ ಇನ್ನೂ ಬರೋದು ತಡ ಅಂತ ಗೊತ್ತಾದ ದಿನವೂ ಅವರು ಕೇಳೋಕೆ ಮುಂಚೆ ನಾನೇ ಹೋಗಿ ಹೇಳಿ ಬಂದೆ. ಮೊದಲೇ ಗೊತ್ತಾಗಿಬಿಟ್ಟರೆ ವಿಚಾರಣೆಗೆ ರುಚಿಯೇ ಇರೋದಿಲ್ಲ.

ಇನ್ನೊಂದು ಕೆಲಸ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮಿಬ್ಬರ ಮನೆಗೂ ನಡುವಿನ ಗೋಡೆ ಒಂದೇ. ಸುಮಾರು 3 ಅಂಗುಲ ದಪ್ಪದ ಗಾರೆಯನ್ನ ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದರೆ ಅದುರು ಅವರ ಕಡೆಯ ಗೋಡೆಗೂ ಹೋಗುತ್ತೆ. ಅದಕ್ಕೇ ಮೇಸ್ತ್ರಿ ಬರೋಕೆ ಮುಂಚೆ, ರಾಯರನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಅವರ ಕಡೆಯ ಗೋಡೆಯ ಬಿರುಕುಗಳ ಫೋಟೊ ತೆಗೆದೆ. ಒಂದೊಂದು ಬಿರುಕಿಗೂ ಸ್ಕೇಲ್ ಹಿಡಿದವರು ಅವರೇ. ಆ ಫೋಟೊಗಳನ್ನ ಅವತ್ತೇ ಅವರ ಮಗಳ ವಾಟ್ಸಾಪಿಗೂ ಕಳಿಸಿದೆ.

ಕೆಲಸ ಮುಗಿದ ಮೇಲೆ ರಾಯರು ಕರೆದರು. ಗಡಿಯಾರದ ಕೆಳಗೆ ಬಿರುಕು ಬಂದಿದೆ, ನೋಡಮ್ಮ ಅಂದರು. ನಾನು ಫೋನ್ ತೆಗೆದು ಅದೇ ಜಾಗದ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಗೋಡೆ ಒಂದ್ಸಲ, ಫೋನ್ ಒಂದ್ಸಲ ನೋಡಿ, 'ಹೌದು, ಇದು ಮೊದಲಿಂದ್ಲೂ ಇತ್ತು ಬಿಡು' ಅಂದರು. ಆಮೇಲೆ ಪೇಂಟ್ ಯಾರ ಕೈಲಿ ಹೊಡೆಸ್ತೀರಿ ಅಂತ ಕೇಳಿದರು.