ದಮ್ಮು ಉಳಿಸಿಕೊಂಡು ಓಡುವುದು ಹೇಗೆ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಓಡಲು ಹೊರಟಾಗ ಕಾಲು ಹಗುರ, ಗಾಳಿ ತಂಪು. ವೇಗ ಹೆಚ್ಚಾದದ್ದು ಗೊತ್ತೇ ಆಗುವುದಿಲ್ಲ. ಎರಡನೇ ಕಿಲೋಮೀಟರಿಗೆ ಏದುಸಿರು, ಮೂರನೆಯದಕ್ಕೆ ನಡಿಗೆ. ಹೊಸಬರ ಓಟ ಕೆಡುವುದು ಹೆಚ್ಚಾಗಿ ಮೊದಲ ಐದು ನಿಮಿಷದಲ್ಲೇ.

ಹತ್ತು ನಿಮಿಷ ಬಿರುಸಾಗಿ ನಡೆದು ಮೈ ಬಿಸಿಯಾದ ಮೇಲೆ ಓಟ ಶುರುಮಾಡಿ. ಪಕ್ಕದವರನ್ನು ‘ನಿನ್ನೆ ಪೇಟೆಯಲ್ಲಿ ಬಂಗಡೆ ಏನು ರೇಟಿತ್ತು?’ ಎಂದು ಒಂದೇ ಉಸಿರಿಗೆ ಕೇಳಲು ಆಗಬೇಕು. ನಡುವೆ ಉಸಿರು ಎಳೆದುಕೊಳ್ಳಬೇಕಾಯಿತೇ, ವೇಗ ಇಳಿಸಿ. ವಾರದ ಒಟ್ಟು ಓಟದ ಐದರಲ್ಲಿ ನಾಲ್ಕು ಪಾಲು ಈ ಮಾತಾಡುವ ವೇಗದಲ್ಲೇ ಇರಲಿ. ತೀರಾ ಹೊಸಬರಾದರೆ 4 ನಿಮಿಷ ಓಟ, 1 ನಿಮಿಷ ನಡಿಗೆ; ಹೀಗೆ ಆರು ಸುತ್ತಿಗೆ ಅರ್ಧ ಗಂಟೆ. ನಡಿಗೆಯನ್ನು ಸುಸ್ತಾಗುವ ಮೊದಲೇ ತೆಗೆದುಕೊಳ್ಳಬೇಕು, ಆಗಲೇ ಅದರ ಲಾಭ.

ವಾಚಿಗಿಂತ ಉಸಿರನ್ನು ನಂಬಿ ಎನ್ನಲು ನಮ್ಮ ಕರಾವಳಿಯ ಸೆಕೆಯೇ ಕಾರಣ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರದು, ಮೈ ತಣಿಯದು. ಶಾಖ ಹೊರಹಾಕಲು ರಕ್ತ ಚರ್ಮದತ್ತ ಹೆಚ್ಚು ಹರಿದು ಎದೆಬಡಿತ ಏರುತ್ತದೆ. ಜನವರಿಯಲ್ಲಿ ಕಿಲೋಮೀಟರಿಗೆ 7 ನಿಮಿಷ ಹಿಡಿದವರಿಗೆ ಮೇ ತಿಂಗಳಲ್ಲಿ 7:30 ಆದರೆ ಬೇಸರ ಬೇಡ.

ಇನ್ನು ಕಾಲಿನ ಕೆಲಸ. ಒಣ ಮರಳಿನಲ್ಲಿ ಪಾದ ಹೂತು ಮೀನಖಂಡ ನೋಯುತ್ತದೆ. ಇಳಿತದ ಹೊತ್ತಿಗೆ ಅಲೆ ಬಿಟ್ಟುಹೋದ ಗಟ್ಟಿ ಮರಳಿನ ಪಟ್ಟಿ ಹಿಡಿಯಿರಿ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಈ ವಾರದ ಸಮಯ ಮುಂದಿನ ವಾರಕ್ಕಾಗದು. ದಂಡೆ ಸಮುದ್ರದ ಕಡೆ ವಾಲಿರುತ್ತದಲ್ಲ, ಹೋದಷ್ಟೇ ದೂರ ಅದೇ ದಾರಿಯಲ್ಲಿ ಮರಳಿ ಬನ್ನಿ. ಭಾರ ಎರಡೂ ಕಾಲಿಗೆ ಹಂಚಿಹೋಗುತ್ತದೆ.

ಹಿಂತಿರುಗುವಾಗ ನಿಮ್ಮದೇ ಹೆಜ್ಜೆ ಗುರುತು ನೋಡಿ. ದುಡ್ಡು ಕೊಡದೆ ಸಿಗುವ ಕೋಚ್ ಅದು. ಹಿಮ್ಮಡಿಯ ಗುಳಿ ಮಾತ್ರ ಆಳವಾಗಿದ್ದರೆ ನೀವು ಕಾಲನ್ನು ತೀರಾ ಮುಂದೆ ಚಾಚಿ ಊರುತ್ತಿರಬಹುದು. ಹಾಗೆ ಊರಿದಾಗಲೆಲ್ಲ ಬ್ರೇಕ್ ಬೀಳುತ್ತದೆ, ಪೆಟ್ಟು ಮೊಣಕಾಲಿಗೆ. ಮದ್ದು ಸರಳ: ಹೆಜ್ಜೆ ಗಿಡ್ಡ ಮಾಡಿ. ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ, ನಾಲ್ಕರಿಂದ ಗುಣಿಸಿ; ಅದೇ ನಿಮಿಷಕ್ಕೆ ಎರಡೂ ಕಾಲಿನ ಒಟ್ಟು ಹೆಜ್ಜೆ. 152 ಬಂತೆಂದುಕೊಳ್ಳಿ, ವೇಗ ಅಷ್ಟೇ ಇಟ್ಟು 160ರ ಆಸುಪಾಸಿಗೆ ತನ್ನಿ. ಎಲ್ಲರಿಗೂ 180 ಬೇಕೆಂಬ ಮಾತಿಗೆ ಕಿವಿಗೊಡಬೇಡಿ, ಎತ್ತರ, ವೇಗಕ್ಕೆ ತಕ್ಕಂತೆ ಈ ಲೆಕ್ಕ ಬದಲಾಗುತ್ತದೆ. ಸೊಂಟದಲ್ಲಿ ಬಾಗದೆ ಇಡೀ ಮೈ ಕೊಂಚ ಮುಂದೆ ವಾಲಲಿ. ಮೊಣಕೈ ಮಡಚಿರಲಿ, ಮುಷ್ಟಿ ಸಡಿಲವಿರಲಿ, ಕೈ ಎದೆಯ ನಡುಗೆರೆ ದಾಟದಿರಲಿ. ವಾರಕ್ಕೆರಡು ದಿನ ಓಟ ಮುಗಿದ ಮೇಲೆ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುವೆ ಒಂದೊಂದು ನಿಮಿಷ ನಡಿಗೆ.

ಶಿರಸಿಯ ಕಡೆಯವರಿಗೆ ಏರುಗಳದ್ದೇ ಸಮಸ್ಯೆ. ಏರಿನಲ್ಲಿ ವೇಗ ಬಿಡಿ, ಉಸಿರು ಸಮ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಹಿಮ್ಮಡಿ ಊರಿ ತಡೆಯುತ್ತ ಇಳಿದರೆ ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ. ಅಲ್ಲೂ ಗಿಡ್ಡ ಹೆಜ್ಜೆಯೇ.

5 ಕಿಲೋಮೀಟರನ್ನು 35 ನಿಮಿಷದಲ್ಲಿ ಮುಗಿಸಬೇಕೆ? ಮೊದಲನೆಯದು 7:15, ಮುಂದಿನ ಮೂರು ತಲಾ 7:00, ಕೊನೆಯದು 6:45. ಮೊದಲನೆಯದನ್ನೇ 6:30ಕ್ಕೆ ಓಡಿದರೆ ಉಳಿಸಿದ 45 ಸೆಕೆಂಡಿಗೆ ಕೊನೆಯಲ್ಲಿ ಎರಡು ಪಟ್ಟು ತೆರಬೇಕಾದೀತು.

ಮುಂಗಣಕಾಲಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ದಂಡೆ ಬಿಟ್ಟು ರಸ್ತೆಗೆ ಬನ್ನಿ. ನೆನೆದ ಶೂಗಳನ್ನು ಒಲೆಯ ಬಳಿ ಇಟ್ಟರೆ ಅಂಟು ಬಿಡಬಹುದು. ಒಳಪಟ್ಟಿ ತೆಗೆದು, ಹಳೇ ಪತ್ರಿಕೆ ತುರುಕಿ, ಕಾಗದ ಒದ್ದೆಯಾದಂತೆ ಬದಲಾಯಿಸುತ್ತಿರಿ.