ಜೋಳದ ಡಬ್ಬಿಗೆ ಗುಳಿಗೆ ಬೇಡ, ಬಿಸಿಲು ಸಾಕು

ಮೊನ್ನೆ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಮಲಗುವ ಕೋಣೆಯ ಮೂಲೆಯಲ್ಲಿ ದೊಡ್ಡ ತಗಡಿನ ಡಬ್ಬಿ, ಅದರ ತುಂಬ ಬಿಳಿ ಜೋಳ. ಮುಚ್ಚಳದ ಮೇಲೆ ಇನ್ನೂ ಒಡೆಯದ ಗುಳಿಗೆ ಪೊಟ್ಟಣ. "ಏನವಾ ಇದು?" ಅಂದೆ. "ನುಸಿ ಆಗಬಾರ್ದಂತ ತಂದೇವ್ರೀ ಅಮ್ಮಾರ, ಇವತ್ತ ರಾತ್ರಿ ಹಾಕಬೇಕು, ಎಲ್ಲಾರೂ ಹಾಕ್ತಾರಲ್ರೀ" ಅಂದಳು ಹುಡುಗಿ. ಅದೇ ಕೋಣೆಯಲ್ಲಿ ಕೂಸಿನ ತೊಟ್ಟಿಲು. ತೊಟ್ಟಿಲ ಕೆಳಗೆ ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು. ನನಗೆ ಕುಂಕುಮ ಹಚ್ಚಿಕೊಳ್ಳುವ ಕೈಯೇ ನಡುಗಿತು.

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನುವ ವಿಷದ ಗಾಳಿ ಏಳುತ್ತದೆ. ಅದು ನುಸಿಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕೂಸು, ಬೆಕ್ಕು, ನಾಯಿ, ಯಾರು ಅಲ್ಲಿ ಉಸಿರಾಡಿದರೂ ಒಳಗೆ ಹೋಗುತ್ತದೆ. ಅದಕ್ಕೆ ಇಂಥದೇ ಅಂತ ಪ್ರತಿಮದ್ದು ಇಲ್ಲ. ಅದು ಗೋದಾಮಿನವರ ವಸ್ತು, ತರಬೇತಿ ಆದವರು ಹಾಕಬೇಕಾದ್ದು. ಒಡೆಯದ ಪೊಟ್ಟಣ ಮನೆಯಲ್ಲಿದ್ದರೆ ಒಡೆಯಬೇಡಿ, ಕಸಕ್ಕೂ ಎಸೆಯಬೇಡಿ, ತಂದಲ್ಲಿಗೇ ಕೊಟ್ಟು ಬನ್ನಿ. ಆಗಲೇ ಹಾಕಿಬಿಟ್ಟಿದ್ದರೆ ಕೈ ಹಾಕಿ ತೆಗೆಯಲು ಹೋಗಬೇಡಿ, ನೀರಂತೂ ಸುರಿಯಲೇಬೇಡಿ, ನೀರು ಬಿದ್ದರೆ ಗಾಳಿ ಇನ್ನೂ ಜೋರಾಗಿ ಏಳುತ್ತದೆ. ಮಕ್ಕಳು, ಬೆಕ್ಕು, ನಾಯಿ ಎಲ್ಲರನ್ನೂ ಮೊದಲು ಹೊರಗೆ ಕರೆದುಕೊಂಡು ಬನ್ನಿ, ಹೊರಗಿನಿಂದಲೇ ಬಾಗಿಲು ಕಿಟಕಿ ತೆರೆಯಿರಿ. ಯಾರಿಗಾದರೂ ವಾಂತಿ, ತಲೆಸುತ್ತು, ಎದೆ ಬಿಗಿತ ಶುರುವಾದರೆ 108ಕ್ಕೆ ಫೋನ್ ಮಾಡಿ. ಆ ಪೊಟ್ಟಣದ ಹೆಸರು ಡಾಕ್ಟರಿಗೆ ಹೇಳಿ.

ಸರಿ, ಹಾಗಾದರೆ ನುಸಿಗೆ ಏನು ಮಾಡಬೇಕು ಅಂತೀರಿ. ಬಿಸಿಲಿಗೆ ಹಾಕಬೇಕು. "ಹಾಕಿದ್ದೆವಲ್ಲ, ಆದರೂ ಹುಳ ಬಂತು" ಅನ್ನುತ್ತಾರೆ. ಹೇಗೆ ಹಾಕಿದಿರಿ ಅಂತ ಕೇಳಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಮಾಳಿಗೆ ಮೇಲೆ ಗುಡ್ಡೆ ಸುರಿದು, ಸಂಜೆ ನಾಲ್ಕಕ್ಕೆ ಬಿಸಿಬಿಸಿ ಕಾಳನ್ನೇ ಡಬ್ಬಿಗೆ ತುಂಬಿ ಗಟ್ಟಿ ಮುಚ್ಚಳ ಹಾಕುತ್ತಾರೆ. ಮೇಲಿಂದ ಮರದಿಂದ ಆಗ ತಾನೇ ಕಿತ್ತ ಹಸಿ ಬೇವಿನ ಸೊಪ್ಪು! ಬಿಸಿ ಕಾಳು ಡಬ್ಬಿಯೊಳಗೆ ಬೆವರುತ್ತದೆ, ಹಸಿ ಸೊಪ್ಪು ಇನ್ನಷ್ಟು ತೇವ ಬಿಡುತ್ತದೆ. ಹದಿನೈದು ದಿನಕ್ಕೆ ಮುಗ್ಗಲು ವಾಸನೆ. ಆಮೇಲೆ ಜೋಳ ತಂದುಕೊಟ್ಟವನನ್ನು ಬಯ್ಯುತ್ತಾರೆ.

ನಾನು ಮಾಡುವುದು ಹೀಗೆ. ಯುಗಾದಿ ಆದ ಮೇಲೆ, ರೋಹಿಣಿ ಮಳೆ ಬೀಳುವ ಮುಂಚೆ ಈ ಕೆಲಸ ಮುಗಿಯಬೇಕು. ಕಾಳನ್ನು ತೆಳ್ಳಗೆ ಹರಡಬೇಕು, ಒಂದರ ಮೇಲೊಂದು ಬಹಳ ಕೂಡಬಾರದು. ಮಧ್ಯಾಹ್ನ ಎರಡು ಮೂರು ಸಲ ಕಾಲಿನಿಂದ ಗೆರೆ ಎಳೆಯುತ್ತಾ ನಡೆಯಬೇಕು, ತಳದ ಕಾಳು ಮೇಲೆ ಬರುವ ಹಾಗೆ. ಅಂಗಾಲು ಸುಟ್ಟರೆ ಬಿಸಿಲು ಸಾಲುತ್ತಿದೆ ಅಂತ ಅರ್ಥ. ಎರಡು ದಿನವೋ ಮೂರು ದಿನವೋ, ಅದನ್ನು ಹಲ್ಲು ಹೇಳುತ್ತದೆ. ಒಂದು ಕಾಳು ಬಾಯಿಗೆ ಹಾಕಿ ಕಡಿಯಿರಿ. "ಕಟ್" ಅಂತ ಒಡೆದು ಎರಡು ಹೋಳಾದರೆ ಒಣಗಿದೆ. ಹಲ್ಲಿಗೆ ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ದಿನ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕೊನೆಯ ದಿನ ಕಾಳನ್ನು ತುಂಬಬಾರದು. ಸಂಜೆ ಪಡಸಾಲೆಗೆ ತಂದು ಹರಡಿ, ಮೇಲೆ ಹಳೇ ಧೋತರ ಹೊದಿಸಿ ರಾತ್ರಿಯೆಲ್ಲಾ ಆರಲು ಬಿಡಬೇಕು. ಧೋತರ ಯಾಕೆ ಅಂದರೆ ಬೆಕ್ಕಿಗೆ ಬೆಚ್ಚಗಿನ ಕಾಳು ಬಹಳ ಇಷ್ಟ, ಅಲ್ಲೇ ಹೊಲಸು ಮಾಡಿಬಿಡುತ್ತದೆ. ನಸುಕಿನಲ್ಲಿ ಎದ್ದು ಹರಡಿದ ಕಾಳಿನ ಒಳಗೆ ತಳದವರೆಗೆ ಕೈ ತೂರಿಸಿ ನೋಡುತ್ತೇನೆ. ಮೇಲೆ ತಣ್ಣಗಿದ್ದು ಒಳಗೆ ಒಂದಿಷ್ಟು ಬೆಚ್ಚಗಿದ್ದರೂ ಇನ್ನೊಮ್ಮೆ ಕೈಯಾಡಿಸಿ ಕಾಯುತ್ತೇನೆ. ಒಳಗೂ ಹೊರಗೂ ಒಂದೇ ತಂಪು ಆದಾಗ ತುಂಬುವುದು. ಬೇವಿನ ಎಲೆಯನ್ನು ನಾಲ್ಕು ದಿನ ಮೊದಲೇ ನೆರಳಿಗೆ ಹಾಕಿರುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಪುಡಿಪುಡಿ ಆಗಬೇಕು. ತಳಕ್ಕೆ ಒಂದು ಪದರ, ನಡುವೆ ಒಂದು, ಮೇಲೆ ಒಂದು. ಡಬ್ಬಿಯನ್ನು ಕಂಠಮಟ್ಟ ತುಂಬಬೇಕು, ಕುಟ್ಟಿ ಕುಟ್ಟಿ, ಖಾಲಿ ಜಾಗ ಉಳಿಯದ ಹಾಗೆ. ನುಸಿಗೂ ಉಸಿರು ಬೇಕಲ್ವಾ? ಡಬ್ಬಿಯನ್ನು ನೆಲಕ್ಕೆ ಇಡಬೇಡಿ, ಗೋಡೆಗೆ ತಾಗಿಸಬೇಡಿ, ಕಟ್ಟಿಗೆ ಹಲಗೆ ಮೇಲೆ ಇಡಿ.

ನಮ್ಮ ತವರು ನವಲಗುಂದದ ಕಡೆಯ ಎರೆಭೂಮಿ ಊರು. ಅಲ್ಲಿ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗಿನ ಗುಂಡಿ, ಸುತ್ತ ಹುಲ್ಲು ಒತ್ತಿ, ಚೀಲಗಟ್ಟಲೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಅಪ್ಪ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಕಂದೀಲು ಆರಿದರೆ ಆ ದಿನ ಯಾರೂ ಇಳಿಯುವ ಹಾಗಿಲ್ಲ. ಒಳಗೆ ಉಸಿರಾಡಲು ಗಾಳಿ ಇರುತ್ತಿರಲಿಲ್ಲ. ಅದರಿಂದಲೇ ಕಾಳೂ ಕೆಡುತ್ತಿರಲಿಲ್ಲ. ಅವರಿಗೆ ಯಾವ ಗುಳಿಗೆಯೂ ಬೇಕಾಗಿರಲಿಲ್ಲ.

ಹಾಂ, ಕಾಳು ಕೇರುವ ಮೊರದ ಬಗ್ಗೆಯೂ ಒಂದು ಮಾತು. ಈಗಿನವರು ಪ್ಲಾಸ್ಟಿಕ್ ಮೊರ ತರುತ್ತಾರೆ, ಅದರಲ್ಲಿ ಕಾಳು ಜಾರುತ್ತದೆ, ಕಲ್ಲು ಬೇರೆಯಾಗುವುದಿಲ್ಲ. ಬಿದಿರಿನ ಮೊರ ತನ್ನಿ. ನೆನೆಸಿದ ಮೆಂತ್ಯ, ನೆನೆಸಿದ ಹಳೇ ಕಾಗದ ಎರಡನ್ನೂ ನುಣ್ಣಗೆ ಅರೆದು ಬಳಿದು ಒಣಗಿಸಿ. ಸಂದು ಮುಚ್ಚಿ ವರ್ಷಗಟ್ಟಲೆ ಬರುತ್ತದೆ.

ಅಂಗಡಿಯಿಂದ ತಂದ ಜೋಳ ಕಣ್ಣಿಗೆ ಸ್ವಚ್ಛ ಕಂಡಿತು ಅಂತ ಹಾಗೇ ತುಂಬಬೇಡಿ. ನುಸಿ ಕಾಳು ಕೊರೆದು ಒಳಗೇ ಮೊಟ್ಟೆ ಇಡುತ್ತದೆ, ಹೊರಗೆ ಕಾಣುವುದಿಲ್ಲ. ಸುಮಾರು ಒಂದು ತಿಂಗಳಿಗೆ ಹುಳ ಹೊರಗೆ ಬರುತ್ತದೆ. ತಂದ ವಾರದಲ್ಲೇ ಬಿಸಿಲು ತೋರಿಸಿ. ಆಗಲೇ ನುಸಿ ಆಗಿದ್ದರೆ ಜರಡಿ ಹಿಡಿದು, ಮತ್ತೆ ಒಣಗಿಸಿ, ಬೇಗ ಗಿರಣಿಗೆ ಹಾಕಿಸಿ. ಹಿಟ್ಟನ್ನಂತೂ ಎಂಟು ದಿನಕ್ಕೆ ಬೇಕಾದಷ್ಟೇ ಬೀಸಿಸಬೇಕು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ, ಆಮೇಲೆ "ನನಗೆ ರೊಟ್ಟಿ ಬರೂದಿಲ್ಲ" ಅಂತ ಅಳುತ್ತೀರಿ.

ದೊಡ್ಡ ಡಬ್ಬಿಯನ್ನು ದಿನಾ ತೆರೆಯಬೇಡಿ. ತಿಂಗಳಿಗೆ ಬೇಕಾದಷ್ಟು ಸಣ್ಣ ಡಬ್ಬಿಗೆ ತೆಗೆದುಕೊಂಡು ಮತ್ತೆ ಮುಚ್ಚಿ. ಮಳೆ ಬರುತ್ತಿರುವಾಗ ತೆಗೆಯಲೇಬೇಡಿ. ರೊಟ್ಟಿ ಪಂಚಮಿಗೆ ಜಾಸ್ತಿ ಜೋಳ ಬೇಕಾಗುತ್ತದಲ್ಲ, ಅದಕ್ಕೆ ಮಳೆ ಬಿಟ್ಟ ಒಂದು ಒಣ ದಿನ ನೋಡಿ, ಕೈ ಒರೆಸಿಕೊಂಡು ಮುಚ್ಚಳ ತೆರೆಯಿರಿ.